ನಿಂತು ಮಾಡುವ ಕೆಲಸ

ಸೋಸಲೆ
೧೯-೧೧-೨೦೨೫

ನನ್ನ ಮುದ್ದು ತಂಗಿ ಯಶೋಧರಾ,

ನೀನು, ಮಾದು, ಪಾಪು ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ ಎಂದು ಬರೆಯಲು ಮನಸ್ಸು ಬರುತ್ತಿಲ್ಲ. ನೀನು ಕ್ಷೇಮವಾಗಿಲ್ಲ ಎಂದು ನನಗೆ ಗೊತ್ತು. ಫೋನ್ ಮಾಡಿದರೆ ನಿಮ್ಮ ಮನೆಯಲ್ಲಿ ಸ್ಪೀಕರ್ ಹಾಕಿ ಎಲ್ಲರೂ ಮಾತಾಡುತ್ತೀರಿ. ಇದನ್ನು ನೀನೊಬ್ಬಳೇ ಬಾಗಿಲು ಹಾಕಿಕೊಂಡು ಓದಬೇಕು.

ಕಂಡಕ್ಟರ್ ಕೆಲಸ ಬಿಡುತ್ತೀಯಂತೆ. ಪಾಪು ಚಿಕ್ಕದು, ಅದಕ್ಕೇ ಎಂದು ನಿನ್ನ ಗಂಡ ಮಾದುವೇ ಹೇಳಿದ. ನಾನು ನಂಬಲಿಲ್ಲ. ನಂಜನಗೂಡಿನ ಡಿಪೋದಲ್ಲಿ ಮೊದಲ ದಿನ ಟಿಕೆಟ್ ಮೆಷಿನ್ ಹಿಡಿದು ಫೋಟೋ ತೆಗೆಸಿಕೊಂಡು ನೆಂಟರಿಗೆಲ್ಲ ಕಳಿಸಿದವಳು ನೀನು. ಹೋದ ತಿಂಗಳು ಹದಿನಾರು ಊರಿನ ಮದುವೆಮನೆಯಲ್ಲಿ ನಿನ್ನನ್ನು ನೋಡಿದೆ. ಸೀನು ಬಂದಾಗ ಗೋಡೆ ಹಿಡಿದು, ಕಾಲಿಗೆ ಕಾಲು ಹೆಣೆದು ನಿಂತೆ. ಊಟಕ್ಕೆ ಒಂದು ಮಗ್ಗುಲಿಗೆ ವಾಲಿ ಕೂತೆ. ನಾನೂ ಹಾಗೇ ಕೂರುತ್ತಿದ್ದೆ ಕಣೇ.

ಸ್ಕೂಲಿನಲ್ಲಿ ಬಿಸಿಯೂಟದ ಅನ್ನದ ಪಾತ್ರೆಯನ್ನು ನಾನೊಬ್ಬಳೇ ಒಲೆಯಿಂದ ಇಳಿಸುತ್ತಿದ್ದೆನಲ್ಲ, ಒಂದು ದಿನ ಕೆಳಗೆ ಏನೋ ಜಾರಿದ ಹಾಗಾಯಿತು. ಬಚ್ಚಲಿನಲ್ಲಿ ಮುಟ್ಟಿ ನೋಡಿದರೆ ನಿಂಬೆಹಣ್ಣಿನಷ್ಟು ಮೆತ್ತನೆಯ ಗಡ್ಡೆ. ಮಲಗಿದರೆ ಒಳಗೆ ಹೋಗುತ್ತಿತ್ತು, ಸಂಜೆ ಹೊತ್ತಿಗೆ ಮತ್ತೆ ಇಳಿಯುತ್ತಿತ್ತು. ಕ್ಯಾನ್ಸರ್ ಎಂದುಕೊಂಡು ಬಾಯಿ ಮುಚ್ಚಿಕೊಂಡೆ. ನಿನ್ನ ಭಾವ ಹತ್ತಿರ ಬಂದರೆ ಬೆನ್ನು ತಿರುಗಿಸಿ ಮಲಗುತ್ತಿದ್ದೆ. ಕೊನೆಗೆ ಅವರು ಚಾಪೆ ಸುತ್ತಿಕೊಂಡು ಜಗುಲಿಗೆ ಹೋದರು. ಮಾತೂ ನಿಂತಿತು.

ನಾನು ಬಕೆಟ್ ಎತ್ತುವಾಗ ಕಿಬ್ಬೊಟ್ಟೆ ಒತ್ತಿ ಹಿಡಿದದ್ದನ್ನು ನಮ್ಮೂರ ಆಶಾ ಕಾರ್ಯಕರ್ತೆ ಶಾಂತಿ ನೋಡಿದಳು. ಪಕ್ಕಕ್ಕೆ ಕರೆದು, "ಅಕ್ಕಾ, ಗರ್ಭಕೋಶ ಜಾರ್ಬುಟ್ಟದಾ?" ಎಂದು ನೇರ ಕೇಳಿಬಿಟ್ಟಳು. ಇಲ್ಲ ಎಂದೆ. "ಇಲ್ಲ ಅನ್ನೋರು ಇಂಗೆ ಅಳ್ತಾರಾ?" ಎಂದಳು. ನನ್ನ ಕಣ್ಣಲ್ಲಿ ನೀರು ಇಳಿಯುತ್ತಿತ್ತು.

ನರಸೀಪುರದ ಆಸ್ಪತ್ರೆಗೆ ಅವಳೇ ಕರೆದುಕೊಂಡು ಹೋದಳು. ಲೇಡಿ ಡಾಕ್ಟರು ಕೆಮ್ಮಿಸಿ ನೋಡಿ, ಇದು ಕ್ಯಾನ್ಸರ್ ಅಲ್ಲ ಎಂದರು. ಗರ್ಭಕೋಶವನ್ನೂ ಮೂತ್ರಕೋಶವನ್ನೂ ಕೆಳಗಿನಿಂದ ಹೊತ್ತು ನಿಲ್ಲುವ ಸ್ನಾಯುಗಳಿವೆಯಂತೆ. ಹೆರಿಗೆಯಲ್ಲಿ, ಭಾರ ಎತ್ತಿ, ಮಲಬದ್ಧತೆಯಲ್ಲಿ ತಿಣುಕಿ ಅವು ಸಡಿಲವಾಗುತ್ತವಂತೆ. ಆಪರೇಷನ್ ಎನ್ನುತ್ತಾರೆಂದುಕೊಂಡಿದ್ದೆ. ಅವರು ಗರ್ಭಕೋಶ ಇಳಿಯದಂತೆ ತಡೆಯುವ ಮೆತ್ತನೆಯ ಒಂದು ರಿಂಗನ್ನು ಒಳಗೆ ಕೂರಿಸಿ, ನಡೆದು ಬಾ ಎಂದರು. ಆಸ್ಪತ್ರೆಯ ಕಾರಿಡಾರಿನಲ್ಲಿ ನಡೆದೆ. ಏನೂ ಇಳಿಯಲಿಲ್ಲ! ಶಾಂತಿಯನ್ನು ತಬ್ಬಿಕೊಂಡುಬಿಟ್ಟೆ.

ಅದನ್ನು ತೆಗೆದು ತೊಳೆದು ಹಾಕಿಕೊಳ್ಳಲು ಕಲಿತಿದ್ದೇನೆ. ಡಾಕ್ಟರು ಕರೆದಾಗ ಹೋಗಿ ತೋರಿಸುತ್ತೇನೆ. ಒಂದು ವ್ಯಾಯಾಮವನ್ನೂ ಹೇಳಿಕೊಟ್ಟರು. ಮೂತ್ರ ತಡೆಯುವ ಹಾಗೆ ಒಳಗಿಂದ ಬಿಗಿ ಹಿಡಿದು, ಉಸಿರು ಕಟ್ಟದೆ, ನಿಧಾನ ಬಿಡುವುದು. ಅನ್ನ ಬೇಯುವಾಗ ಒಲೆ ಮುಂದೆ ನಿಂತೇ ಮಾಡುತ್ತೇನೆ, ಯಾರಿಗೂ ತಿಳಿಯುವುದಿಲ್ಲ. ಪಾತ್ರೆ ಒಬ್ಬಳೇ ಇಳಿಸುವುದಿಲ್ಲ ಎಂದು ಹೆಡ್ ಮಾಸ್ಟರಿಗೆ ಹೇಳಿದೆ. ಈಗ ಇಬ್ಬರು ಹಿಡಿಯುತ್ತೇವೆ.

ನಿನ್ನ ಭಾವನಿಗೆ ಹೇಳುವುದೇ ಎಲ್ಲಕ್ಕಿಂತ ಕಷ್ಟವಾಗಿತ್ತು. ಸಂಜೆ ಜಗುಲಿಯಲ್ಲೇ ಕೂತು ಎಲ್ಲ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ನಾನೇನೋ ತಪ್ಪು ಮಾಡಿವ್ನಿ, ನಿಂಗೆ ನನ್ನ ಕಂಡ್ರೆ ಆಗಲ್ಲ ಅನ್ಕಂಡಿದ್ದೆ ಕಣಮ್ಮಿ. ಇದ ಮೊದ್ಲೇ ಯೋಳ್ಬಾರದಾ?" ಎಂದರು. ಚಾಪೆ ಒಳಗೆ ಬಂತು. ಇಷ್ಟು ಸಾಕು, ಉಳಿದದ್ದು ತಂಗಿಗೆ ಬರೆಯುವಂಥದ್ದಲ್ಲ.

ಡ್ಯೂಟಿಯಲ್ಲಿ ಟಾಯ್ಲೆಟ್ ಸಿಗದೆಂದು ನೀನು ನೀರೇ ಕುಡಿಯುವುದಿಲ್ಲ. ಅದರಿಂದ ಮಲ ಗಟ್ಟಿಯಾಗಿ ಇನ್ನಷ್ಟು ತಿಣುಕುತ್ತೀಯ. ಮೊದಲು ನೀರು ಕುಡಿ. ನಿನಗೆ ವ್ಯಾಯಾಮ ಸಾಕೋ, ರಿಂಗ್ ಬೇಕೋ, ಬೇರೇನಾದರೂ ಬೇಕೋ, ಅದನ್ನು ಡಾಕ್ಟರು ನೋಡಿ ಹೇಳಲಿ. ಅಲ್ಲಿಯವರೆಗೆ ರಾಜೀನಾಮೆ ಕೊಡಬೇಡ, ರಜೆ ಹಾಕು. ಶನಿವಾರ ಬೆಳಿಗ್ಗೆ ನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಿರುತ್ತೇನೆ. ಮಾದುವಿಗೆ ನೀನೇ ಹೇಳು. ಹೇಳಲು ಆಗದಿದ್ದರೆ ಈ ಪತ್ರ ಅವನ ಕೈಗೆ ಕೊಡು, ನನಗೆ ನಾಚಿಕೆಯಿಲ್ಲ.

ನಿನ್ನ ಬಸ್ಸಿನಲ್ಲಿ ಕೂತು, ನಿನ್ನ ಕೈಯಿಂದಲೇ ಟಿಕೆಟ್ ಪಡೆಯುವ ಆಸೆಯಿರುವ
ನಿನ್ನಕ್ಕ
ಇಂದ್ರಾಣಿ

ಮರೆತ ಮಾತು: ನಾನು ಬರೆಯುತ್ತಿರುವುದನ್ನು ಕಂಡು ಅವ್ವ ಏನೆಂದು ಕೇಳಿದಳು. ಪೂರ್ತಿ ಓದಿ ಹೇಳಿದೆ. ಸೆರಗಿನಿಂದ ಮುಖ ಒರೆಸಿಕೊಂಡು, "ನಂಗೂ ಯಶೋಧ್ರ ಉಟ್ಟಿದಾಗಿಂದ ಅಂಗೇ ಅದೆ ಕಣವ್ವಾ. ಎಂಗಸ್ರಿಗೆ ಇದು ಇರೋದೇ ಅನ್ಕಂಡಿದ್ದೆ" ಎಂದಳು. ಶನಿವಾರ ಅವಳೂ ಬರುತ್ತಾಳೆ. ಆದರೆ ನೀನು ಬಂದರೆ ಮಾತ್ರವಂತೆ.