ಓದದೆ ತಂದ ಕಾಂಗಾ

ಅಕ್ಕಾ,
ಶಾಲೆಯ ಕೆಲಸಕ್ಕೆಂದು ಪೆಂಬಾ ದ್ವೀಪಕ್ಕೆ ಬಂದು ಹತ್ತು ದಿನವಾಯಿತು. ಇಲ್ಲಿ ಬೀದಿಯುದ್ದಕ್ಕೂ ಲವಂಗ ಒಣಗುತ್ತಿದೆ. ನನ್ನ ಕೆಮ್ಮು ಆ ಘಾಟಿಗೇ ಓಡಿಹೋಯಿತು.

ನಾನಿರುವ ಮನೆಯ ಫಕಿ ಅಜ್ಜ ಹೆಂಡತಿಗೆ ಹಬ್ಬಕ್ಕೆ ಉಡಲು ಕಾಂಗಾ ಬಟ್ಟೆ ತಂದರು. ಜೇಬಿನಲ್ಲಿ ಕನ್ನಡಕವಿದ್ದರೂ ಹಾಕಿದರೆ ಮುದುಕನೆಂದಾರು ಎಂಬ ಜಂಭ. ಇಲ್ಲಿ ಪ್ರತಿ ಕಾಂಗಾದ ಸೆರಗಿನಲ್ಲೂ ಒಂದು ಮಾತು ಅಚ್ಚಾಗಿರುತ್ತದೆ; ಅದನ್ನು ಓದದೆ ಕೆಂಪು ಬಣ್ಣವನ್ನೂ ಅಗ್ಗದ ಬೆಲೆಯನ್ನೂ ನೋಡಿ ಕೊಂಡಿದ್ದರು. ಆ ಮಾತು: "ನಿನ್ನ ಕಾಲ ಮುಗಿಯಿತು, ಇನ್ನು ನನಗೆ ದಾರಿ ಬಿಡು."

ಅದನ್ನೋದಿದ ಹೆಂಡತಿ ಸೌಮು ಅಜ್ಜಿ ಒಲೆ ಆರಿಸಿದರು. "ನೆರೆಮನೆ ವಿಧವೆನ ಎರಡನೆಯವಳಾಗಿ ತರ್ತಾರಂತೆ! ಆ ಹಲ್ಲಿಲ್ಲದ ಬಾಯಿಗೆ ಅವಳೇ ಗಂಜಿ ಕುಡಿಸ್ಲಿ."

ಮೂರು ದಿನ ಬರೀ ಬ್ರೆಡ್ಡು ತಿಂದ ಅಜ್ಜ ನಿನ್ನೆ ನನ್ನನ್ನು ಅಂಗಡಿಗೆ ಕರೆದೊಯ್ದರು. "ನೀನು ಓದು ಟೀಚರಮ್ಮಾ, ನಾನು ಆರಿಸ್ತೀನಿ." ಬೈಗುಳದವೆಲ್ಲ ಅಗ್ಗ, ಒಲವಿನ ಮಾತಿಗೆ ಮೂರು ಸಾವಿರ ಶಿಲ್ಲಿಂಗ್ ಹೆಚ್ಚು.

"ಪ್ರೀತಿಗೆ ಇಷ್ಟು ರೇಟಾ?"

"ಬೈಗುಳ ರಾಶಿರಾಶಿ ಹೋಗ್ತವೆ ಅಜ್ಜಾ," ಅಂದಳು ಅಂಗಡಿಯವಳು. "ಇದನ್ನ ಕೇಳಿ ಬರೋರು ವರ್ಷಕ್ಕೊಬ್ಬರು."

ಅಜ್ಜಿ ಹೊಸದನ್ನು ನೋಡಿ, "ಆರಿಸಿದ್ದು ಟೀಚರಮ್ಮ ತಾನೆ?" ಅಂದರು. ಅಜ್ಜ ಜೇಬಿನಿಂದ ಕನ್ನಡಕ ತೆಗೆದು, ನನ್ನೆದುರಿಗೇ ಹಾಕಿಕೊಂಡು, ಗಟ್ಟಿಯಾಗಿ ಓದಿದರು: "ನೀನಿಲ್ಲದ ಮನೆ ನನಗೆ ಮನೆಯಲ್ಲ."

ಒಲೆ ಹೊತ್ತಿತು. ಊಟಕ್ಕೆ ಕರೆಯುತ್ತಿದ್ದಾರೆ. ದುಡ್ಡು ಕಳಿಸಬೇಡ, ಸಾಕಷ್ಟಿದೆ. "ದಾರಿ ಬಿಡು" ಎಂಬ ಆ ಮೊದಲಿನ ಕೆಂಪು ಕಾಂಗಾವನ್ನು ಅಜ್ಜಿ ಎಸೆದಿಲ್ಲ. ಅದನ್ನುಟ್ಟು ಈಗಷ್ಟೇ ನೆರೆಮನೆಯ ವಿಧವೆಯ ಬಾಗಿಲ ಮುಂದೆ ಎರಡು ಸಲ ನಡೆದು ಬಂದರು.

ನಿನ್ನ ಜುವೇನಾ