ಚಿನ್ನಮ್ಮನವರ ಕೈಯಲ್ಲಿ ಬಿಯರ್ ಜಗ್ಗು

ಮಾರ್ಚ್ 1, ಶನಿವಾರ, ಸಂಜೆ 6.30

ಶಿಫ್ಟ್ ಮುಗಿಸಿ ಬಂದು ಸ್ನಾನ. ಯೋಗ ಆಗಲೇ ಜಗ್ಗು ತಂದು ಫ್ರಿಜ್ಜಿನಲ್ಲಿಟ್ಟಿದ್ದಾರೆ. ಬಿಡದಿ ಆಚೆ ಹೆದ್ದಾರಿ ಪಕ್ಕದ ಬ್ರೂವರಿಯದು. ಎರಡು ಲೀಟರ್ ಹಿಡಿಯುವ ಕಂದು ಗಾಜಿನ ಜಗ್ಗು, ತಿರುಪು ಮುಚ್ಚಳ. ಖಾಲಿಯಾದದ್ದು ತೆಗೆದುಕೊಂಡು ಹೋದರೆ ನಲ್ಲಿಯಿಂದ ತಾಜಾ ಬಿಯರ್ ತುಂಬಿ ಕೊಡುತ್ತಾರೆ.

ವಾರಕ್ಕೊಂದು. ನಮ್ಮಿಬ್ಬರದೇ ಗುಟ್ಟು. ಗಂಡ ಹೈಸ್ಕೂಲ್ ಮೇಷ್ಟ್ರು, ಹೆಂಡತಿ ಬಿಡದಿಯ ಫ್ಯಾಕ್ಟರಿಯಲ್ಲಿ ಕ್ವಾಲಿಟಿ ಇನ್ಸ್‌ಪೆಕ್ಟರ್ — ರಾಮನಗರದಂಥ ಊರಲ್ಲಿ ಯಾರಿಗಾದರೂ ಗೊತ್ತಾದರೆ ಮುಗಿಯಿತು. ಎದುರು ಮನೆ ಹಫೀಜಾ ಒಮ್ಮೆ ಜಗ್ಗು ನೋಡಿ ಕೇಳಿದ್ದಳು. ಬಾರ್ಲಿ ನೀರು ಅಂದೆ. ಪೂರ್ತಿ ಸುಳ್ಳಲ್ಲ.

ಮೊದಲ ಗ್ಲಾಸ್. ಎರಡು ಬೆರಳು ನೊರೆ. ಆಹಾ.

ಮಾರ್ಚ್ 2, ಭಾನುವಾರ

ಉಳಿದ ಒಂದು ಲೀಟರ್ ಮಟನ್ ಸಾರಿನ ಜೊತೆ ಕುಡಿಯೋಣ ಎಂದರೆ — ಸತ್ತೇ ಹೋಗಿದೆ. ನೊರೆಯಿಲ್ಲ, ಚುರುಕಿಲ್ಲ. ಪ್ರತಿ ವಾರ ಇದೇ ಕಥೆ. ಸಿಂಕಿಗೆ ಸುರಿದೆ.

ಯೋಗ ಫೋನಿನಲ್ಲಿ ಏನೋ ಹುಡುಕಿ ಹುಡುಕಿ ಆರ್ಡರ್ ಹಾಕಿದರು. ಮುಚ್ಚಳದ ಜಾಗಕ್ಕೆ ಕೂರಿಸುವ ಒಂದು ತಿರುಗಣೆ, ಹೆಬ್ಬೆರಳಿನಷ್ಟು ಸೋಡಾ ಗ್ಯಾಸಿನ ಸಿಲಿಂಡರ್.

"ಗ್ಯಾಸ್ ಹೋಗಿದ್ದಕ್ಕೆ ಗ್ಯಾಸ್ ತುಂಬ್ಸೋದು ಕಣೇ. ಸಿಂಪಲ್ಲು."

"ಗಾಜಿಗೆ ಆಗುತ್ತೇನ್ರೀ?"

"ಜಗ್ಗಲ್ವಾ. ಎಲ್ಲಾ ಒಂದೇ."

ಮಾರ್ಚ್ 6, ಗುರುವಾರ

ಅತ್ತೆ ಬಂದರು. ನಿನ್ನೆ ಇಲ್ಲಿಯ ಕಣ್ಣಾಸ್ಪತ್ರೆಯಲ್ಲಿ ಬಲಗಣ್ಣಿನ ಪೊರೆ ತೆಗೆದರು. ಒಂದು ತಿಂಗಳು ಭಾರ ಎತ್ತಬಾರದು, ಧೂಳಿಗೆ ಹೋಗಬಾರದು. ಅವರಿರುವ ಸಾತನೂರಿನ ಭಾವನ ಮನೆಯಲ್ಲಿ ಹಸು, ಹಿಪ್ಪುನೇರಳೆ, ರೇಷ್ಮೆಹುಳ — ಧೂಳಿಗೇನು ಕಮ್ಮಿ? ಹಾಗಾಗಿ ತಿಂಗಳು ಪೂರ್ತಿ ನಮ್ಮಲ್ಲಿ.

ಚಿನ್ನಮ್ಮ. ಎಪ್ಪತ್ತೊಂದು ವರ್ಷ. ಕಪ್ಪು ಕನ್ನಡಕ ಹಾಕಿಕೊಂಡು ಹಾಲಿನಲ್ಲಿ ಮಂತ್ರಿಯ ಹಾಗೆ ಕೂತಿದ್ದಾರೆ. ಮದುವೆಯಾಗಿ ಹನ್ನೆರಡು ವರ್ಷವಾದರೂ ಇವರ ಬಗ್ಗೆ ನನಗೆ ಗೊತ್ತಿರುವುದು ಕಡಿಮೆ. ಹಬ್ಬಕ್ಕೆ ಹೋಗುವುದು, ಕಾಲಿಗೆ ಬೀಳುವುದು, ಬರುವುದು. ಚನ್ನಪಟ್ಟಣದಲ್ಲಿದ್ದಾಗ ಯಾವುದೋ ಸೋಡಾ ಅಂಗಡಿಯಲ್ಲಿ ಬಾಟ್ಲಿ ತೊಳೆಯುತ್ತಿದ್ದರಂತೆ ಎಂದು ಯೋಗ ಹೇಳಿದ್ದ ನೆನಪು. ಅಷ್ಟೇ.

ಶನಿವಾರ ಬರುವ ಜಗ್ಗು ಇನ್ನು ಫ್ರಿಜ್ಜಿನ ಕೆಳಗಿನ ತಟ್ಟೆಯಲ್ಲಿ, ಕೊತ್ತಂಬರಿ ಕಟ್ಟಿನ ಹಿಂದೆ.

ಮಾರ್ಚ್ 8, ಶನಿವಾರ

ಪಾರ್ಸೆಲ್ ಬಂತು. ಡಬ್ಬಿಯ ಮೇಲೆ ಸ್ಟೀಲ್ ಜಗ್ಗಿನ ಚಿತ್ರ. ಯೋಗನಿಗೆ ತೋರಿಸಿದೆ. "ಅದು ಶೋಗೆ ಕಣೇ" ಎಂದರು.

ಫ್ಯಾಕ್ಟರಿಯಲ್ಲಾಗಿದ್ದರೆ ಬಿಡುತ್ತಿರಲಿಲ್ಲ. ಮನೆಯಲ್ಲಿ ಬಿಟ್ಟೆ.

ಮಾರ್ಚ್ 9, ಭಾನುವಾರ, ಸಂಜೆ 5

ಬರೆದುಬಿಡಬೇಕು.

ಮಧ್ಯಾಹ್ನ ಎರಡೂವರೆ. ಅತ್ತೆ ಒಳಗೆ ಮಲಗಿದ್ದಾರೆ ಅಂದುಕೊಂಡಿದ್ದೆವು. ಅರ್ಧ ಬಿಯರ್ ಉಳಿದಿದ್ದ ಜಗ್ಗನ್ನು ಯೋಗ ಅಡುಗೆಮನೆ ಕಟ್ಟೆಯ ಮೇಲಿಟ್ಟು, ತಿರುಗಣೆ ಕೂರಿಸಿ, ಗ್ಯಾಸ್ ಬಿಟ್ಟರು. ಸುಸ್ಸ್ ಅಂತ ಸದ್ದು. "ಇನ್ನೊಂಚೂರು" ಎಂದು ಮತ್ತೆ ತಿರುಗಿಸಿದರು. ನಾನು ಪಕ್ಕದಲ್ಲೇ ಬಾಗಿ ನೋಡುತ್ತಿದ್ದೇನೆ, ಮೂರ್ಖಳ ಹಾಗೆ. ಗಾಜಿನಲ್ಲಿ ಎಲ್ಲೋ 'ಟಿಕ್' ಎಂದಿತು. ಗಡಿಯಾರದ ಸದ್ದಿನಷ್ಟು ಸಣ್ಣದು.

ಹಿಂದಿನಿಂದ ಕೂಗು — "ಲೇ ಯೋಗ! ಕೈ ಬುಡ್ಲಾ! ಬುಟ್ಟು ಆಚ್ಗೆ ಬಾ! ಪದ್ಮ, ನೀನೂ!"

ಅತ್ತೆ. ಕಪ್ಪು ಕನ್ನಡಕ, ಕೆದರಿದ ಕೂದಲು. ಯೋಗ ತಿರುಗಿ ಏನೋ ಹೇಳಲು ಹೋದರು. ಅತ್ತೆ ಅವರ ಶರ್ಟಿನ ಕಾಲರ್ ಹಿಡಿದು ಎಳೆದರು — ಐವತ್ತು ಕೆ.ಜಿ. ಇಲ್ಲದ ಹೆಂಗಸು! ನನ್ನನ್ನು ಭುಜದಿಂದ ತಳ್ಳಿದರು. ಬಚ್ಚಲ ಬಾಗಿಲಲ್ಲಿದ್ದ ಒದ್ದೆ ಗೋಣಿಚೀಲ ಎತ್ತಿ, ಅಡುಗೆಮನೆ ಬಾಗಿಲ ಮರೆಯಲ್ಲೇ ನಿಂತು, ಮುಖ ಈ ಕಡೆ ತಿರುಗಿಸಿಕೊಂಡು, ಕೈ ಮಾತ್ರ ಚಾಚಿ ಎಸೆದರು. ಚೀಲ ಜಗ್ಗಿನ ಮೇಲೆ ಸರಿಯಾಗಿ ಬಿತ್ತು.

ಬಾಗಿಲು ಎಳೆದುಕೊಂಡರು.

ಒಂದು ನಿಮಿಷವೂ ಆಗಿರಲಿಲ್ಲ. ಧಡ್!

ಬಾಗಿಲ ಸಂದಿಯಿಂದ ಬಿಯರ್ ಹರಿದು ಬಂತು. ವಾಸನೆ... ಅಡಗಿಸುವುದಕ್ಕೆ ಏನೂ ಉಳಿಯಲಿಲ್ಲ.

ಹತ್ತು ನಿಮಿಷ ಯಾರನ್ನೂ ಒಳಗೆ ಬಿಡಲಿಲ್ಲ. ಆಮೇಲೆ ಯೋಗನಿಗೆ ಶೂ ಹಾಕಿಸಿ ಕಳುಹಿಸಿದರು. ಗಾಜು ಬಹುಪಾಲು ಚೀಲದ ಅಡಿಯಲ್ಲೇ ಇತ್ತು. ಒಂದು ಚೂರು ಮಾತ್ರ ಹಾರಿ ಕಿಟಕಿಯ ಮರದ ಚೌಕಟ್ಟಿಗೆ ನೆಟ್ಟಿತ್ತು. ನಾನು ಬಾಗಿ ನಿಂತಿದ್ದಾಗ ನನ್ನ ಮುಖ ಇದ್ದ ಎತ್ತರ.

ಯೋಗ ತಲೆ ತಗ್ಗಿಸಿ ನಿಂತರು. "ಅಮ್ಮ... ಅದು... ವಾರಕ್ಕೊಂದ್ಸಲ..."

"ಕುಡ್ದಿದ್ಕೆ ಬಯ್ಯಾಕಿಲ್ಲ ಕಣ್ಲಾ. ನಿಮ್ಮಪ್ಪನೂ ಕುಡೀತಿದ್ದ. ಆ ಗಾಜ್ಗೆ ಗ್ಯಾಸ್ ಬುಟ್ಟಲ್ಲ, ಅದ್ಕೆ ಬಯ್ತೀನಿ. ಮಕ್ಕಳ್ಗೆ ಪಾಠ ಹೇಳೋನು ನೀನು! ಎಂಡ್ತಿ ಕಣ್ ವೋಗಿದ್ರೆ ಏನ್ಲಾ ಮಾಡ್ತಿದ್ದೆ?"

ಯೋಗ ಕಿಟಕಿಗೆ ನೆಟ್ಟ ಚೂರು ಕೀಳಲು ಇಕ್ಕಳ ತಂದರು. ನಾನು ಬಿಯರ್ ಒರೆಸಿದೆ.

ಮಾರ್ಚ್ 10, ಸೋಮವಾರ

ರಜೆ ಹಾಕಿದೆ. ಹೊಟ್ಟೆನೋವು ಎಂದೆ. ನಿಜವಾಗಿ ಅತ್ತೆಯನ್ನು ಕೇಳಬೇಕಿತ್ತು.

"ನಿಮಗೆ ಹೇಗೆ ಗೊತ್ತಾಯ್ತು ಅತ್ತೆ?"

"ಟಿಕ್ ಅಂತಲ್ಲವ್ವ. ಗಾಜು ಬಿರುಕು ಬುಡೋ ಸದ್ದು. ಹತ್ತೊಂಬತ್ ವರ್ಷ ಕೇಳಿವ್ನಿ, ಮರ್ತೋದದಾ?"

ಬಾಟ್ಲಿ ತೊಳೆಯುತ್ತಿದ್ದದ್ದು ಮೊದಲ ಎರಡೇ ವರ್ಷ! ಚನ್ನಪಟ್ಟಣದ ಅಸ್ಗರ್ ಸಾಹೇಬರ ಗೋಲಿಸೋಡಾ ಕಾರ್ಖಾನೆ. ಮಿಷನ್ ನಡೆಸುತ್ತಿದ್ದವನು ಬಿಟ್ಟು ಹೋದ ದಿನ ಆರ್ಡರ್ ತುಂಬಾ ಇತ್ತಂತೆ. ಅತ್ತೆ ಸೆರಗು ಸಿಕ್ಕಿಸಿ ಚಕ್ರಕ್ಕೆ ಕೈ ಹಾಕಿದರಂತೆ. ಅಸ್ಗರ್ ಸಾಹೇಬರು ಬೇಡ ಎನ್ನಲಿಲ್ಲ. ಹದಿನೇಳು ವರ್ಷ ಗ್ಯಾಸ್ ತುಂಬಿದವರು ಇವರೇ. ಬಾಟ್ಲಿಗಳನ್ನು ಕಬ್ಬಿಣದ ಪಂಜರದಲ್ಲಿ ಕೂರಿಸಿ, ಮುಚ್ಚಿ, ಆಮೇಲೆ ಗ್ಯಾಸ್. ಪಂಜರವಿಲ್ಲದೆ ಒಂದು ಬಾಟ್ಲಿಯೂ ಇಲ್ಲ. ಮೊದಲು ಆ ಪಂಜರಕ್ಕೆ ಮುಂದೆ ಜಾಲರಿ ಇರಲಿಲ್ಲ. ಚೂರು ಹಾರಿ ಜೊತೆಯವಳೊಬ್ಬಳ ಕೆನ್ನೆ ಸೀಳಿತು. ಮಾರನೇ ದಿನ ಅತ್ತೆ ಕೆಲಸಕ್ಕೆ ಹೋಗಿ ಮಿಷನ್ ಮುಟ್ಟದೆ ಕೂತರು. ಜಾಲರಿ ಬಂದ ಮೇಲೇ ಚಕ್ರ ತಿರುಗಿದ್ದು.

ಹದಿನಾಲ್ಕು ವರ್ಷದಿಂದ ಸೇಫ್ಟಿ ಟ್ರೈನಿಂಗಿಗೆ ಕೂತು ಟೀ ಕುಡಿದು ಎದ್ದು ಬಂದಿದ್ದೇನೆ. ಇವರು ಒಂದು ದಿನ ಸುಮ್ಮನೆ ಕೂತು ಸೇಫ್ಟಿ ಅಂದರೇನು ಎಂದು ಮಾಡಿ ತೋರಿಸಿದವರು.

"ಗೋಲಿಸೋಡಾ ಬಾಟ್ಲಿ ಎಷ್ಟ್ ದಪ್ಪ ಇರ್ತಿತ್ತು ಗೊತ್ತಾ? ನಿಮ್ ಜಗ್ಗು ತೆಳ್ಳುಗೆ. ಇರೋ ಗ್ಯಾಸ್ ಹಿಡ್ಕಳಾಕ್ ಮಾಡಿರಾದು ಅದು. ಮೇಲಿಂದ ತುಂಬ್ಸಾಕಲ್ಲ. ಗ್ಯಾಸ್ ಬುಡ್ಬೇಕು ಅಂದ್ರೆ ಸ್ಟೀಲಿಂದು ತಗಳ್ಳಿ."

"ನೀವು ಗೋಣಿ ಎಸೆದದ್ದು..."

"ಅದ್ನ ನೀವ್ ಮಾಡ್ಬ್ಯಾಡಿ. ಆಚ್ಗೆ ಓಡೋಗಿ ಅಷ್ಟೇ. ನಂಗೆ ಅಬ್ಯಾಸ ಇತ್ತು."

ಯೋಗ ಸ್ಕೂಲಿಂದ ಬಂದ ಮೇಲೆ ಎಲ್ಲ ಹೇಳಿದೆ. ಅವರಿಗೂ ಗೊತ್ತಿರಲಿಲ್ಲ! "ಹುಡುಗ್ರು ಸೋಡಾ ಮಾಡೋಳ ಮಗ ಅಂತ ಅಣಕುಸ್ತಾರೆ ಅಂತ ನಾನೇ ಏಳ್ನಿಲ್ಲ" ಎಂದರು ಅತ್ತೆ, ಬಹಳ ಸಹಜವಾಗಿ. ಯೋಗ ತಾಯಿಯ ಪಕ್ಕ ಹೋಗಿ ಕೂತರು. ಕಣ್ಣಿಗೆ ಡ್ರಾಪ್ಸ್ ಹಾಕುವುದು ಇವತ್ತಿನಿಂದ ನಾನೇ ಎಂದರು.

ಮಾರ್ಚ್ 15, ಶನಿವಾರ

ನಂಬಿದರೆ ನಂಬು — ಅತ್ತೆ ಬ್ರೂವರಿಗೆ ಬಂದರು. ತಾವಾಗಿಯೇ. "ಅಲ್ಲಿ ಎಂಗ್ ತುಂಬ್ತಾರೆ ನೋಡ್ಬೇಕು. ಒಂದಿನಕ್ಕೆ ಗ್ಯಾಸ್ ವೋಯ್ತದೆ ಅಂದ್ರೆ ತುಂಬೋದ್ರಲ್ಲೇ ಐಬು."

ನೂಲಿನ ಸೀರೆ, ಕಪ್ಪು ಕನ್ನಡಕ, ಕೈಯಲ್ಲಿ ಬಟ್ಟೆಚೀಲ. ಸುತ್ತ ಬೆಂಗಳೂರಿನ ಕಡೆಯವರು, ಜೋರು ಮ್ಯೂಸಿಕ್. ನಾನು ನಾಚಿಕೆಯಿಂದ ಅರ್ಧ ಸತ್ತೆ. ಅವರು ನೇರ ನಲ್ಲಿಗಳ ಮುಂದೆ ಹೋಗಿ ನಿಂತರು.

ತುಂಬುವವನು ಮನು. ನಲವತ್ತರ ಆಸುಪಾಸು, ಗಡ್ಡ, ಏಪ್ರನ್. ಜಗ್ಗನ್ನು ನಲ್ಲಿಯ ಕೆಳಗೆ ಹಿಡಿದ. ಮೇಲಿಂದ ಧೋ ಎಂದು ಬಿತ್ತು, ನೊರೆ ಉಕ್ಕಿ ಹೊರಗೆ ಚೆಲ್ಲಿತು.

"ಅಪ್ಪಾ, ನಿಲ್ಸು. ನೀನು ಗ್ಯಾಸೆಲ್ಲ ಇಲ್ಲೇ ಕಳದ್ಬುಟ್ಟು ಬರೀ ನೀರ್ ಕೊಡ್ತಾ ಇದ್ದೀಯ."

ಮನು ನಕ್ಕ. ಆಮೇಲೆ ನಗು ನಿಲ್ಲಿಸಿದ. ಅತ್ತೆ ಹೇಳುತ್ತಾ ಹೋದರು. ನಲ್ಲಿಗೆ ಒಂದು ಪೈಪ್ ಸಿಕ್ಕಿಸು, ತುದಿ ಜಗ್ಗಿನ ತಳ ಮುಟ್ಟಲಿ. ಜಗ್ಗು ಮೊದಲೇ ತಣ್ಣಗಿರಲಿ, ಬಿಸಿ ಗಾಜಿಗೆ ತಣ್ಣನೆಯದು ಬಿಟ್ಟರೆ ಅದೂ ಸೀಳುತ್ತದೆ. ಸೋಪಿನ ಜಿಡ್ಡು ಉಳಿಯಬಾರದು. ನಿಧಾನ ತುಂಬು. ಮೇಲೆ ಎರಡು ಬೆರಳು ಖಾಲಿ ಬಿಟ್ಟು ಮುಚ್ಚಳ ಬಿಗಿ.

ಮನು ಒಳಗಿಂದ ಪೈಪ್ ತಂದ. ಅದು ಅವರಲ್ಲಿ ಇತ್ತಂತೆ, ರಶ್ಶಿನಲ್ಲಿ ಯಾರೂ ಬಳಸುತ್ತಿರಲಿಲ್ಲ. ಬಿಯರ್ ಸದ್ದಿಲ್ಲದೆ ಏರಿತು, ಬಾವಿಯಲ್ಲಿ ನೀರು ಏರುವ ಹಾಗೆ.

"ಎರಡ್ ಲೀಟರಿಂದು ಬ್ಯಾಡ" ಎಂದರು ನಮ್ಮ ಕಡೆ ತಿರುಗಿ. "ಒಂದೊಂದ್ ಲೀಟರಿಂದು ಎರಡು ತಗಳ್ಳಿ. ತೆಗುದ್ರೆ ಗ್ಯಾಸ್ ವೋಗದೇಯ. ಇವತ್ತೊಂದ್ ತೆಗೀರಿ, ನಾಳಿಕ್ಕೊಂದು."

ಯೋಗ ಮತ್ತು ನಾನು ಮುಖ ಮುಖ ನೋಡಿಕೊಂಡೆವು. ಎರಡು ವರ್ಷದಿಂದ ತರುತ್ತಿದ್ದೇವೆ. ಇಷ್ಟು ಹೊಳೆಯಲಿಲ್ಲ.

ಮನು ಕೊಟ್ಟ ಮೊದಲ ಖಾಲಿ ಜಗ್ಗನ್ನು ಅತ್ತೆ ಕಿಟಕಿಯ ಬೆಳಕಿಗೆ ಹಿಡಿದರು, ಎಡಗಣ್ಣಿನ ಹತ್ತಿರ. ಉಗುರಿನಿಂದ ಕುತ್ತಿಗೆ ಸವರಿ ಪಕ್ಕಕ್ಕಿಟ್ಟರು. "ಇಲ್ಲಿ ಗೀರಾಗೈತೆ. ಕೊಡ್ಬ್ಯಾಡ ಯಾರ್ಗೂ." ನಾನು ಇಸಿದುಕೊಂಡು ನೋಡಿದೆ. ಏನೂ ಕಾಣಲಿಲ್ಲ. ಉಗುರು ಆಡಿಸಿದೆ — ಹೌದು. ಕೂದಲೆಳೆಯಷ್ಟು. ದಿನಕ್ಕೆ ಎಂಟುನೂರು ಪೀಸ್ ಪಾಸ್ ಮಾಡುವ ಕಣ್ಣು ನನ್ನದು. ಅವರು ಇನ್ನೊಂದು ಕಣ್ಣಿನ ಆಪರೇಷನ್ ಆಗಿ ಹತ್ತೇ ದಿನ ಆದವರು.

ಮನು ಕೇಳಿದ, "ನೀವು ಏನ್ ಕೆಲಸದಲ್ಲಿದ್ರಿ ಅಮ್ಮಾ?"

ಅತ್ತೆ ಬಾಯಿ ತೆರೆಯುವ ಮೊದಲೇ ಯೋಗ ಹೇಳಿದರು. ಜೋರಾಗಿ. ಪಕ್ಕದ ಟೇಬಲಿನವರೂ ತಿರುಗಿ ನೋಡುವ ಹಾಗೆ — "ಸೋಡಾ ಮಿಷನ್ ಆಪರೇಟರ್. ಹದಿನೇಳ್ ವರ್ಷ."

ಬರುವಾಗ ಜಗ್ಗುಗಳು ಐಸ್ ಡಬ್ಬಿಯಲ್ಲಿ. ಕಾರಿನ ಬಿಸಿಲಿಗೆ ಇಟ್ಟರೆ ಒಳಗಿನ ಗ್ಯಾಸ್ ಉಬ್ಬುತ್ತದಂತೆ. ಫ್ರೀಜರಿನಲ್ಲೂ ಬೇಡವಂತೆ — ಹೆಪ್ಪುಗಟ್ಟಿ ಒಡೆಯುತ್ತದೆ. ಬರೀ ತಣ್ಣಗೆ, ನೆಟ್ಟಗೆ, ಅಲುಗಾಡದೆ.

ಮಾರ್ಚ್ 16, ಭಾನುವಾರ

ಎರಡನೆಯದನ್ನು ತೆಗೆದೆವು. ಫಟ್! ನೊರೆ ಎರಡು ಬೆರಳು, ಶನಿವಾರದ್ದೇ ನೊರೆ! ಯೋಗ ಚಪ್ಪಾಳೆ ತಟ್ಟಿದರು. ಕೊತ್ತಂಬರಿ ಹಿಂದೆ ಅಡಗಿಸುವುದಿಲ್ಲ, ಬಾಗಿಲು ಹಾಕಿಕೊಳ್ಳುವುದಿಲ್ಲ.

ಅತ್ತೆ ಕುಡಿಯಲಿಲ್ಲ. ಗ್ಲಾಸನ್ನು ಇಸಿದುಕೊಂಡು ಕಿವಿಗೆ ಹಿಡಿದರು.

"ಉಳ್ಕಂಡೈತೆ" ಎಂದು ವಾಪಸ್ ಕೊಟ್ಟರು.

ಏಪ್ರಿಲ್ 6, ಭಾನುವಾರ, ಸಂಜೆ 7

ಇಷ್ಟು ದಿನ ಬರೆಯಲಿಲ್ಲ. ಮನೆಯಲ್ಲಿ ಮಾತಿಗೆ ಜನ ಇದ್ದರು.

ನಿನ್ನೆ ಡಾಕ್ಟರು ಕಣ್ಣು ಸರಿಹೋಯಿತು ಎಂದರು. ಭಾವ ನಾಳೆ ಬಂದು ಕರೆದುಕೊಂಡು ಹೋಗುವುದಿತ್ತು. ಅಷ್ಟರಲ್ಲಿ ಮಧ್ಯಾಹ್ನ ಮನುವಿನ ಫೋನ್. ವಾಪಸ್ ಬಂದ ಜಗ್ಗುಗಳು ಆರುನೂರರ ಮೇಲಿವೆ, ಒಂದೊಂದನ್ನೂ ನೋಡಿ ಒಳ್ಳೆಯದು ಕೆಟ್ಟದ್ದು ಬೇರೆ ಮಾಡಬೇಕು, ಅಮ್ಮ ಬರ್ತಾರಾ? ಬಂದು ನಮ್ಮ ಹುಡುಗರಿಗೂ ಕಲಿಸ್ತಾರಾ? ಸಂಬಳದ ಮೇಲೆ. ಮ್ಯಾನೇಜರ್ ಒಪ್ಪಿದ್ದಾರೆ.

ಯೋಗ ಹಿಂದೆ ಮುಂದೆ ನೋಡಿದರು. "ಅಮ್ಮ, ಬಿಯರ್ ಜಾಗ... ಅಣ್ಣ ಏನಂತಾನೋ. ಊರಲ್ಲಿ ಏನಂತಾರೋ."

ಅತ್ತೆ ಕನ್ನಡಕ ತೆಗೆದು ಒರೆಸಿಕೊಂಡರು. "ಒಡ್ಕಲ್ ಜಗ್ಗು ಯಾರ್ದೋ ಮನೇಗ್ ವೋದ್ರೆ? ಅವ್ರ ಮನೇಲಿ ಗೋಣಿ ಎಸ್ಯೋರು ಯಾರವ್ರೆ? ನಿಮ್ಮಣ್ಣಂಗೆ ನಾನ್ ಏಳ್ತೀನಿ. ಗಾಜ್ ನೋಡಾಕ್ ವೋಯ್ತಾವ್ಳೆ ಅನ್ನು, ಅಷ್ಟೇ." ಆಮೇಲೆ ನನ್ನ ಕಡೆ — "ನೀನ್ ವೋಗೋ ಬಸ್ಸು ಎಷ್ಟೊತ್ಗವ್ವ?"

"ಏಳೂ ಮುಕ್ಕಾಲಿಗೆ ಅತ್ತೆ."

"ನಂಗೂ ಒಂದ್ ಸೀಟ್ ಹಿಡಿ."

ಯೋಗ ಎದ್ದು ಹೋಗಿ ಅಣ್ಣನಿಗೆ ತಾವೇ ಫೋನ್ ಮಾಡಿದರು. ಹಾಲಿನಿಂದ ಕೇಳಿಸುತ್ತಿದೆ — "ಇಲ್ಲಾ ಕಣಣ್ಣ, ನಾಳೆ ಬರ್ಬೇಡ. ಅಮ್ಮಂಗೆ ಡ್ಯೂಟಿ ಐತೆ..."

ನೀಲಿ ಅಂಚಿನ ಸೀರೆ ಇಸ್ತ್ರಿ ಮಾಡಿ ಕುರ್ಚಿಯ ಮೇಲಿಟ್ಟಿದ್ದಾರೆ. ನನ್ನ ಯೂನಿಫಾರಂ ಅದರ ಪಕ್ಕ. ಬೆಳಿಗ್ಗೆ ಎರಡು ಡಬ್ಬಿ ಕಟ್ಟಬೇಕು, ಅವರದಕ್ಕೆ ಖಾರ ಕಮ್ಮಿ. ಬೇಳೆ ನೆನೆ ಹಾಕಿದ್ದೇನಾ ಇಲ್ಲವಾ, ನೋಡಿ ಬರ್ತೀನಿ—