ಹಳ್ಳದ ದಂಡೆಯಲ್ಲಿ ಸಿಕ್ಕ ಕಂಬಳಿ

ನನ್ನ ಅಪ್ಪನಿಗೆ,

ನಿನ್ನ ಮಗಳು ನಾನು, ಹಲಬರ್ಗಾದ ನಮ್ಮ ಮನೆಯ ಅದೇ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ನಿನಗೆ ಓದು ಬಾರದು, ಅಲ್ಲಿ ಯಾರಿಂದಾದರೂ ಓದಿಸಿಕೋ.

ಸಿಂದಿ ಕುಡಿದು ಬಂದ ಸಂಜೆ ನೀನು ಇಲ್ಲೇ ಕೂರುತ್ತಿದ್ದೆ. ಯಾಕೆ ಕುಡಿಯುತ್ತಿ ಎಂದರೆ ಒಂದೇ ಉತ್ತರ: "ಥಂಡಿ ಭಾಳ ಅದ." ಬೇಸಿಗೆಯಲ್ಲೂ ಥಂಡಿ! "ಕುರುಬರ ಮನ್ಯಾಗ ಕಂಬಳಿಗಿ ಬರ ಬಂದದೇನು?" ಎಂದು ಅವ್ವ ಬೈಯುತ್ತಿದ್ದಳು. ಊರ ಗಂಡಸರಿಗೆ ಒಬ್ಬೊಬ್ಬರಿಗೆ ಒಂದೊಂದು ನೆಪ. ಮೈನೋವು, ಗೆಳೆಯರ ಒತ್ತಾಯ, ಸತ್ತವರ ನೆನಪು. ನಿನ್ನದು ಯಾವುದೆಂದು ನನಗೆ ಗೊತ್ತಿತ್ತು.

ಪೊಲೀಸ್ ಆ್ಯಕ್ಷನ್ನಿನ ಆ ದಿನಗಳು... ಅದಕ್ಕೂ ಮೊದಲು, ರಜಾಕಾರರು ಊರು ಲೂಟಿ ಮಾಡುತ್ತಿದ್ದ ಕಾಲಕ್ಕೆ ನಮ್ಮನ್ನೆಲ್ಲ ಮೈಲೂರಿನ ತನ್ನ ಮನೆಯಲ್ಲಿ ಅಡಗಿಸಿದವನು ನಮ್ಮ ಉಣ್ಣೆ ಕೊಳ್ಳುತ್ತಿದ್ದ ದಸ್ತಗೀರ ಕಾಕಾ. ಭಾರತದ ದಂಡು ಬಂದು ಕಾಲ ತಿರುಗಿತು, ರಜಾಕಾರರ ಮೇಲಿನ ಸೇಡನ್ನು ಜನ ಸಿಕ್ಕ ಮುಸಲ್ಮಾನರ ಮೇಲೆ ತೀರಿಸಿಕೊಂಡರು. ಜೀವ ಹಿಡಿದುಕೊಂಡು ಅವನೇ ನಮ್ಮ ಕುರಿದೊಡ್ಡಿಗೆ ಬಂದ. ನೀನು ನಿನ್ನ ಕಂಬಳಿ ಹೊದಿಸಿದೆ, ಕೋಲು ಕೊಟ್ಟೆ, ಕುರಿ ಕರೆಯುವ ಕೂಗು ಕಲಿಸಿದೆ. ಅವನ ಕೂಗು ಕೇಳಿ ಅಂಥ ಹೊತ್ತಲ್ಲೂ ಅವ್ವ ನಕ್ಕಳು. "ಯಾರರ ಕೇಳಿದ್ರ ಮಾತಾಡಬ್ಯಾಡ, ಕುರಿ ಕರಿ. ಕುರಿ ಬಂದ್ರ ನೀ ಕುರುಬನೇ" ಎಂದು ಹಿಂಡಿನೊಂದಿಗೆ ಔರಾದದ ಹಾದಿಗೆ ಕಳಿಸಿದೆ.

ಸಂಜೆ ಕುರಿಗಳಷ್ಟೇ ತಿರುಗಿ ಬಂದವು. ಕಂಬಳಿ ಹಳ್ಳದ ದಂಡೆಯ ಜಾಲಿಮುಳ್ಳಿಗೆ ಸಿಕ್ಕಿತ್ತು. ಕಾಕಾನನ್ನು ಕೊಂದರೆಂದೇ ನಂಬಿದೆವು. "ನನ್ನ ಕುರಿಗಿ ನನ್ನ ದನಿ ಬಿಟ್ರ ಬ್ಯಾರೆ ತಿಳಿಯಲ್ಲ. ಅದೇ ಮರ್ತು ಕಳಿಸಿದೆನಲ್ಲ..." ಎಂದೆ ನೀನು. ಮತ್ತೆಂದೂ ಆ ಕಂಬಳಿ ಹೊದೆಯಲಿಲ್ಲ, ಕುರಿಗಳನ್ನು ಕೂಗಿ ಕರೆಯಲಿಲ್ಲ. ಕುಡಿದೆ, ಕುಡಿದೇ ಹೋದೆ. ಅವ್ವನನ್ನೂ ನನ್ನನ್ನೂ ನೋಡಿ ಬದುಕಬಹುದಿತ್ತಲ್ಲ? ಆ ಸಿಟ್ಟು ನನಗೆ ಇನ್ನೂ ಇದೆ.

ಮೊನ್ನೆ ಒಬ್ಬ ಮುದುಕಿ ಬಂದಳು. "ದಸ್ತಗೀರನ ಮಗಳು ಇದ್ದೀನ್ರಿ" ಅಂದಳು. ಹಳ್ಳದಲ್ಲಿ ಜನ ಅಡ್ಡಗಟ್ಟಿದಾಗ ಕಾಕಾ ಕೂಗಿದನಂತೆ, ಒಂದು ಕುರಿಯೂ ತಿರುಗಲಿಲ್ಲವಂತೆ. ಕಂಬಳಿ ಬಿಸಾಕಿ ಓಡಿದನಂತೆ. ಬದುಕಿದ, ಅಪ್ಪಾ! ಕೇಳಿಸಿತಾ? ಬದುಕಿದ! ತನ್ನನ್ನು ಅಡಗಿಸಿಟ್ಟ ತಪ್ಪಿಗೆ ನಿನ್ನನ್ನೇ ಕೊಂದರೆಂದು ಯಾರೋ ಅವನಿಗೆ ಹೇಳಿದ್ದಕ್ಕೆ ಇತ್ತ ಮುಖ ಹಾಕಲಿಲ್ಲವಂತೆ. ದೂರದ ಊರಲ್ಲಿ ಆಡು ಸಾಕಿ, ಮುದುಕನಾಗಿ ಸತ್ತನಂತೆ.

"ಆಡು ಹ್ಯಾಂಗ ಕರೀತಿದ್ದ?" ಅಂದೆ. ಅವಳು ಕೂಗಿ ತೋರಿಸಿದಳು. ನಿನ್ನದೇ ಕೂಗು. ನೀನು ಬಾಯಿ ಮುಚ್ಚಿದ ಮೇಲೆ ಈ ಅಂಗಳ ಕೇಳದಿದ್ದ ಕೂಗು. ಇಬ್ಬರೂ ಅತ್ತೆವು.

ನಾಳೆ ಅವಳನ್ನು ನಿನ್ನ ಸಮಾಧಿಗೆ ಕರೆತರುತ್ತೇನೆ. ಪ್ರತಿಸಲ ಎಡೆಯ ಜೊತೆ ಇಡುತ್ತಿದ್ದ ಸಿಂದಿ ಈ ಸಲ ಇಡುವುದಿಲ್ಲ. ಅವ್ವ ತೆಗೆದಿಟ್ಟಿದ್ದ ಆ ಕಂಬಳಿ ತರುತ್ತೇವೆ. ಈಗಲಾದರೂ ಹೊದ್ದುಕೋ.